ಒಂದೇ ಕೈಯ ಗುರಿಕಾರ ಕಾರೊಯ್ ತಕಾಚ್

ಪಿಸ್ತೂಲು ಸ್ಪರ್ಧೆ ಮೂಲತಃ ಒಂದೇ ಕೈಯ ಕಲೆ. ನಿಯಮದ ಪ್ರಕಾರ ಇನ್ನೊಂದು ಕೈ ಆಸರೆ ನೀಡುವಂತಿಲ್ಲ. ವರ್ಷಗಳ ಕಾಲ ಪಳಗಿಸಿದ ಆ ಕೈಯೇ ನಷ್ಟವಾದರೆ ಗುರಿಕಾರನಿಗೆ ಉಳಿಯುವುದೇನು? ಹಂಗೇರಿಯ ಕಾರೊಯ್ ತಕಾಚ್ ಅವರ ಬದುಕು ಈ ಪ್ರಶ್ನೆಗೆ ಉತ್ತರವಾಗಿ ನಿಂತಿದೆ.

1910ರ ಜನವರಿ 21ರಂದು ಬುಡಾಪೆಸ್ಟ್‌ನಲ್ಲಿ ಜನಿಸಿದ ತಕಾಚ್, ಸೈನ್ಯಕ್ಕೆ ಸೇರಿ ಗುರಿಕಾರನೆಂದು ಹೆಸರು ಗಳಿಸಿದರು. ಆದರೆ 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಅವರಿಗೆ ಅವಕಾಶ ದೊರೆಯಲಿಲ್ಲ. ಅವರು ಸಾರ್ಜೆಂಟ್ ಆಗಿದ್ದರು. ತಂಡದಲ್ಲಿ ಉನ್ನತ ಅಧಿಕಾರಿಗಳಿಗೆ ಮಾತ್ರ ಸ್ಥಾನವಿತ್ತು. ಆ ನಿರ್ಬಂಧ ಸಡಿಲಗೊಂಡಾಗ ಅವರ ಕಣ್ಣು 1940ರ ಕ್ರೀಡಾಕೂಟದ ಮೇಲೆ ನೆಟ್ಟಿತು.

1938ರಲ್ಲಿ ಸೇನಾ ತರಬೇತಿಯ ವೇಳೆ ದೋಷಯುಕ್ತ ಕೈಬಾಂಬು ಸಿಡಿದು ಅವರ ಬಲಗೈ ಛಿದ್ರವಾಯಿತು. ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಹೊರಬಂದ ಬಳಿಕ ಅವರು ಯಾರಿಗೂ ತಿಳಿಯದಂತೆ ಎಡಗೈ ಅಭ್ಯಾಸಕ್ಕೆ ತೊಡಗಿದರು. ಅದು ಬರಿಯ ಕೈಬದಲಾವಣೆಯಲ್ಲ. ನಿಲ್ಲುವ ಭಂಗಿ, ಬೆರಳಿನ ಒತ್ತಡ, ತೋಳಿನ ಸ್ಥಿರತೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಿತ್ತು. 1939ರ ರಾಷ್ಟ್ರೀಯ ಸ್ಪರ್ಧೆಗೆ ಅವರು ಬಂದಾಗ, ನೋಡಲು ಬಂದಿದ್ದಾರೆಂದು ಜೊತೆಗಾರರು ಭಾವಿಸಿದರಂತೆ. ಅವರು ಸ್ಪರ್ಧಿಸಿ ಗೆದ್ದರು.

ಆದರೆ ವಿಧಿ ಮತ್ತೊಮ್ಮೆ ಅಡ್ಡ ಬಂದಿತು. ಎರಡನೇ ಮಹಾಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ಸ್‌ಗಳು ರದ್ದಾದವು. ಗುರಿಕಾರನ ಉತ್ತಮ ವರ್ಷಗಳು ಕಾಯುವುದರಲ್ಲೇ ಕಳೆದವು.

1948ರ ಲಂಡನ್ ಒಲಿಂಪಿಕ್ಸ್ ವೇಳೆಗೆ ಅವರ ವಯಸ್ಸು 38. ಕೆಲವೇ ಕ್ಷಣಗಳಲ್ಲಿ ಐದು ಗುರಿಗಳಿಗೆ ಗುಂಡು ಹಾರಿಸಬೇಕಾದ 25 ಮೀಟರ್ ರ‍್ಯಾಪಿಡ್ ಫೈರ್ ವಿಭಾಗದಲ್ಲಿ 580 ಅಂಕ ಗಳಿಸಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಬೆಳ್ಳಿ ಪಡೆದ ಅರ್ಜೆಂಟೀನಾದ ಸ್ಪರ್ಧಿ ಒಂಬತ್ತು ಅಂಕ ಹಿಂದುಳಿದಿದ್ದರು. 1952ರ ಹೆಲ್ಸಿಂಕಿಯಲ್ಲಿ 579 ಅಂಕಗಳೊಂದಿಗೆ ಮತ್ತೆ ಚಿನ್ನ ಒಲಿಯಿತು. ಈ ವಿಭಾಗದಲ್ಲಿ ಪ್ರಶಸ್ತಿ ಉಳಿಸಿಕೊಂಡ ಮೊದಲಿಗರು ಅವರೇ. ಒಂದೇ ಅಂಕದಿಂದ ಎರಡನೇ ಸ್ಥಾನಕ್ಕೆ ಸರಿದ ಸಿಲಾರ್ಡ್ ಕುನ್ ಅವರ ಶಿಷ್ಯರೆಂಬುದು ವಿಶೇಷ.

1956ರ ಮೆಲ್ಬರ್ನ್‌ನಲ್ಲಿ ಎಂಟನೆಯವರಾದ ತಕಾಚ್, 1976ರ ಜನವರಿ 5ರಂದು ನಿಧನರಾದರು.

ಮಹಾಭಾರತದ ಅರ್ಜುನ ಎಡಗೈಯಿಂದಲೂ ಬಾಣ ಬಿಡಬಲ್ಲವನಾದ್ದರಿಂದ ಸವ್ಯಸಾಚಿ ಎನಿಸಿದ. ಅವನಿಗೆ ಎರಡು ಕೈಗಳಿದ್ದವು. ತಕಾಚ್ ಅವರಿಗೆ ಎಡಗೈ ಹೆಚ್ಚುವರಿ ಬಲವಾಗಿರಲಿಲ್ಲ, ಉಳಿದ ಏಕೈಕ ದಾರಿಯಾಗಿತ್ತು. ಆ ದಾರಿಯಲ್ಲಿ ಚಿನ್ನ ತಲುಪಲು ಅವರಿಗೆ ಹತ್ತು ವರ್ಷ ಹಿಡಿಯಿತು.