ಕಳ್ಳನು ಕಳ್ಳನಾಗಿಯೇ ಹುಟ್ಟುವನೋ? ಲೊಂಬ್ರೋಸೋ ಪಂಡಿತನ ಚರಿತ್ರೆ

ಹಳ್ಳಿಯಲ್ಲಿ ಒಂದು ಕುರಿಯಾಗಲಿ ಕಣದ ರಾಗಿಯಾಗಲಿ ಕಾಣದೆ ಹೋದರೆ, ಜನರು ಮೊದಲು ಯಾರ ಗುಡಿಸಲಿನ ಕಡೆಗೆ ನೋಡುತ್ತಾರೆಂಬುದು ನಿಮಗೆ ತಿಳಿದದ್ದೇ. ಕೆಲವರ ಹುಟ್ಟೇ ಅವರ ಮೇಲೆ ಸಾಕ್ಷಿ ಹೇಳುವದೆಂದು ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿಯೂ ಎಣಿಸುವವರುಂಟು. ಈ ಎಣಿಕೆಗೆ ಶಾಸ್ತ್ರದ ವೇಷವನ್ನು ತೊಡಿಸಿದ ಒಬ್ಬ ಪ್ರಸಿದ್ಧ ಪಂಡಿತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಚೆಸಾರೆ ಲೊಂಬ್ರೋಸೋ ಎಂಬಾತನು ೧೮೩೫ನೆಯ ಇಸವಿಯಲ್ಲಿ ಇಟಲಿ ದೇಶದ ವೆರೋನಾ ಪಟ್ಟಣದ ಒಂದು ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದನು. ವೈದ್ಯವಿದ್ಯೆಯನ್ನು ಕಲಿತು ದಂಡಿನಲ್ಲಿ ಸೇರಿ, ಸುಮಾರು ೩,೦೦೦ ಸಿಪಾಯಿಗಳ ದೇಹಗಳನ್ನು ಅಳೆದು ಬರೆದುಕೊಂಡನು. ಆಮೇಲೆ ಹುಚ್ಚರ ಆಸ್ಪತ್ರೆಗಳಲ್ಲಿಯೂ ಸೆರೆಮನೆಗಳಲ್ಲಿಯೂ ಅದೇ ಶೋಧನೆಯನ್ನು ನಡಿಸಿದನು. ಹೀಗಿರಲಾಗಿ, ಸತ್ತುಹೋದ ಒಬ್ಬ ಕಳ್ಳನ ತಲೆಬುರುಡೆಯ ಹಿಂಭಾಗದಲ್ಲಿ, ಮನುಷ್ಯರಲ್ಲಿ ಅಪರೂಪವಾಗಿಯೂ ಕೆಲವು ಮೃಗಗಳಲ್ಲಿ ಸಾಧಾರಣವಾಗಿಯೂ ಇರುವ ಒಂದು ಕುಳಿಯನ್ನು ಕಂಡನು. ಅಪರಾಧಿಯು ಪೂರ್ವಕಾಲದ ಕಾಡುಮನುಷ್ಯನ ಸ್ಥಿತಿಗೆ ಹಿಂದಿರುಗಿ ಹುಟ್ಟಿದವನೆಂದೂ, ದೊಡ್ಡ ದವಡೆ, ಚಾಚಿದ ಕಿವಿ, ನೀಳವಾದ ತೋಳು ಇವುಗಳಿಂದ ಅವನನ್ನು ಗುರುತಿಸಬಹುದೆಂದೂ ನಿಶ್ಚಯಿಸಿ, ೧೮೭೬ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಆತನ ಕೀರ್ತಿಯು ಯೂರೋಪಿನಲ್ಲೆಲ್ಲಾ ಹಬ್ಬಿತು.

ಆದರೆ ಫ್ರಾನ್ಸ್ ದೇಶದ ಲಕಸಾಞ್ ಎಂಬ ವೈದ್ಯನು, ಅಪರಾಧದ ಬೀಜವು ಬೆಳೆಯುವುದು ಸಮಾಜವೆಂಬ ನೆಲದಲ್ಲಿಯೇ ಎಂದು ವಾದಿಸಿ, ೧೮೮೫ರಲ್ಲಿ ರೋಮ್ ನಗರದ ಪಂಡಿತರ ಸಭೆಯಲ್ಲಿ ಆತನನ್ನು ಎದುರಿಸಿದನು. ಲೊಂಬ್ರೋಸೋ ಸಹ ಕಾಲಕ್ರಮದಲ್ಲಿ ಬಡತನ, ಕುಡಿತ, ಧಾನ್ಯದ ಬೆಲೆ ಮುಂತಾದ ಕಾರಣಗಳನ್ನು ಒಪ್ಪಿಕೊಂಡು, ಹುಟ್ಟು ಅಪರಾಧಿಗಳು ಮೂರರಲ್ಲಿ ಒಂದು ಪಾಲಿನಷ್ಟೇ ಎಂದನು. ತನ್ನ ಮೂಲಮತವನ್ನಾದರೋ ಬಿಡಲಿಲ್ಲ. ೧೯೦೯ರಲ್ಲಿ ಟ್ಯೂರಿನ್ ಪಟ್ಟಣದಲ್ಲಿ ತೀರಿಹೋದನು. ೧೯೧೩ರಲ್ಲಿ ಇಂಗ್ಲೆಂಡಿನ ಸೆರೆಮನೆಯ ವೈದ್ಯನಾದ ಗೋರಿಂಗ್ ಎಂಬವನು ಸುಮಾರು ೩,೦೦೦ ಕೈದಿಗಳ ಅಳತೆಗಳನ್ನು ಇತರರ ಅಳತೆಗಳೊಂದಿಗೆ ಹೋಲಿಸಿ, ಅಪರಾಧಿಗೆ ಮಾತ್ರ ಸೇರಿದ ದೇಹರೂಪವು ಇಲ್ಲವೆಂದು ತೋರಿಸಿದನು.

ನಮ್ಮ ದೇಶದಲ್ಲಿ ಇಂಥ ಎಣಿಕೆಯು ಬರೇ ಪುಸ್ತಕದ ಮಾತಾಗಿರಲಿಲ್ಲ. ಆತನ ಗ್ರಂಥಕ್ಕೆ ಮುಂಚೆಯೇ, ೧೮೭೧ರಲ್ಲಿ, ಬ್ರಿಟಿಷ್ ಸರಕಾರವು ಕೆಲವು ಕುಲಗಳನ್ನು ಕುಲವೆಲ್ಲಾ ಅಪರಾಧಿಗಳೆಂದು ಎಣಿಸುವ ಕಾಯಿದೆಯನ್ನು ಮಾಡಿತು. ೧೯೧೧ರ ಕಾಯಿದೆಯಿಂದ ಅದು ಪಾವಗಡದ ಎಲ್ಲೆಯಾಚೆಗಿದ್ದ ಮದರಾಸು ಪ್ರಾಂತಕ್ಕೂ ಹಬ್ಬಿತು. ಅಲ್ಲಿ ಪಟ್ಟಿಗೆ ಬಿದ್ದವರಲ್ಲಿ ಕೊರಚರೂ ಇದ್ದರು. ಇವರ ಹಿರಿಯರು ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರಿಗೆ ಮಾರುತ್ತಿದ್ದ ವರ್ತಕರು. ರೈಲೂ ಹೊಸ ರಸ್ತೆಗಳೂ ಸರಕಾರದ ಉಪ್ಪಿನ ಕಟ್ಟಳೆಗಳೂ ಆ ವ್ಯಾಪಾರವನ್ನು ಮುರಿದವು. ಅನ್ನದ ದಾರಿ ಮುಚ್ಚಿಹೋದದ್ದನ್ನು ಯಾರೂ ಅಳೆಯಲಿಲ್ಲ. ಕುಲದ ಹೆಸರನ್ನು ಮಾತ್ರ ಬರೆದುಕೊಂಡರು. ತಪ್ಪು ಮಾಡದವನೂ ಪೊಲೀಸರ ಮುಂದೆ ಹಾಜರಿ ಕೊಡಬೇಕಾಯಿತು. ಆ ಕಾಯಿದೆಯು ೧೯೫೨ರಲ್ಲಿ ದೇಶದಲ್ಲೆಲ್ಲಾ ರದ್ದಾಯಿತು. ಜನರ ಬಾಯಲ್ಲಿ ಹೆಸರು ಉಳಿಯಿತು.

ಲೊಂಬ್ರೋಸೋವಿನ ಅಸ್ಥಿಪಂಜರವು ಆತನ ಇಷ್ಟದ ಪ್ರಕಾರವೇ ಟ್ಯೂರಿನಿನ ವಸ್ತುಸಂಗ್ರಹಾಲಯದಲ್ಲಿ ಅಪರಾಧಿಗಳ ಬುರುಡೆಗಳ ಸಂಗಡ ಇಡಲ್ಪಟ್ಟಿದೆ. ಪಂಡಿತನ ಎಲುಬು ಯಾವುದು, ಕಳ್ಳನ ಎಲುಬು ಯಾವುದು ಎಂದು ಚೀಟಿಯಿಲ್ಲದೆ ಹೇಳುವವರು ಯಾರು? ಆದದರಿಂದ ವಾಚಕರೇ, ಇನ್ನೊಮ್ಮೆ ಊರಲ್ಲಿ ಕಳವಾದಾಗ ಹುಟ್ಟನ್ನು ಕೇಳಬೇಡಿರಿ, ಸಾಕ್ಷಿಯನ್ನು ಕೇಳಿರಿ. ತಪ್ಪು ಮಾಡಿದವನು ಸಿಕ್ಕಿದರೆ, ಅವನ ಮನೆಯಲ್ಲಿ ಒಲೆ ಹತ್ತಿ ಎಷ್ಟು ದಿನವಾಯಿತೆಂಬುದನ್ನೂ ವಿಚಾರಿಸಿರಿ.