ದಿವಾನರು ಕಾಣದ ಬೆಳಕು

ಕೊಳ್ಳೇಗಾಲದ ಸಮೀಪದಲ್ಲಿ ಕಾವೇರಿಯು ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರದೊಡನೆ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಅಳಿಯದಂತೆ ಬೆರೆತಿದೆ. 1845ರಲ್ಲಿ ಪಾಲಕ್ಕಾಡಿನ ಸೀಮೆಯಲ್ಲಿ ಜನಿಸಿದ ಅವರು, 1883ರಲ್ಲಿ ರಂಗಾಚಾರ್ಲು ಅವರ ತರುವಾಯ ಮೈಸೂರಿನ ದಿವಾನರಾಗಿ ಹದಿನೆಂಟು ವರ್ಷ ರಾಜ್ಯಭಾರವನ್ನು ಹೊತ್ತರು.

ಜಲಪಾತದ ಬಲವನ್ನು ವಿದ್ಯುತ್ತಾಗಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವ ಯೋಜನೆಗೆ ನಾಡಿನಲ್ಲಿ ಮೇಲ್ಪಂಕ್ತಿಯಿರಲಿಲ್ಲ. ದಾರಿ 92 ಮೈಲಿ. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ್ದು ಆಗ ಲೋಕದಲ್ಲಿಯೇ ವಿರಳ. ಬೇಸಗೆಯಲ್ಲಿ ಸೊರಗುವ ಹೊಳೆಯ ಚಿಂತೆ ಬೇರೆ. ಸಂದೇಹಗಳೆಲ್ಲ ತೀರಲೆಂದು ದಿವಾನರು ಕಾಯಲಿಲ್ಲ, ದುಡುಕಲೂ ಇಲ್ಲ. ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಅವರನ್ನು ಪಾಶ್ಚಾತ್ಯ ದೇಶಗಳಿಗೆ ಕಳುಹಿಸಿ ಅಲ್ಲಿನ ಅನುಭವವನ್ನು ತರಿಸಿಕೊಂಡರು; ವಿದ್ಯುತ್ತನ್ನು ಕೊಳ್ಳಲು ಗಣಿಗಳವರನ್ನು ಒಡಂಬಡಿಸಿದರು.

ಕೆಲಸ ನಡೆದಿರುವಾಗಲೇ, 1901ರ ಮಾರ್ಚ್ ತಿಂಗಳಲ್ಲಿ, ದೇಹಸ್ಥಿತಿ ಕೆಟ್ಟು ಅಧಿಕಾರವನ್ನು ಬಿಟ್ಟರು. ಸೆಪ್ಟೆಂಬರ್ 13ರಂದು ತೀರಿಕೊಂಡರು. ಗಣಿಗಳಿಗೆ ವಿದ್ಯುತ್ತು ಹರಿದುದು 1902ರ ಜೂನ್ 30ರಂದು. ಬೇಸಗೆಯ ನೀರಿನ ತೊಡಕಿಗೆ ಪರಿಹಾರವು 1911ರಲ್ಲಿ ಮೊದಲಾದ ಕನ್ನಂಬಾಡಿ ಕಟ್ಟೆಯಿಂದ ಬಂದಿತು.

ಎಲ್ಲ ಪ್ರಶ್ನೆಗಳಿಗೂ ಉತ್ತರ ದೊರೆತ ಮೇಲೆಯೇ ಕೈಹಚ್ಚುವೆನೆಂದು ಅವರು ಕುಳಿತಿದ್ದರೆ, ಮೈಸೂರು ಇನ್ನೆಷ್ಟು ಕಾಲ ಕತ್ತಲಲ್ಲಿ ಕಾಯಬೇಕಾಗಿತ್ತೋ! ಉತ್ತರಿಸಬಲ್ಲುದನ್ನು ಉತ್ತರಿಸಿ, ಉಳಿದುದನ್ನು ಮುಂದಿನವರಿಗೆ ಬಿಟ್ಟುದೇ ಅವರ ದೊಡ್ಡತನ.