ಪಾಲವಣಕರ ಬಾಳೂ

ಧಾರವಾಡವೆಂದೊಡನೆ ಸಂಗೀತವೂ ಸಾಹಿತ್ಯವೂ ಎಲ್ಲರ ನೆನಪಿಗೆ ಬರುತ್ತವೆ. ಭಾರತದ ಮೊದಲ ಶ್ರೇಷ್ಠ ಕ್ರಿಕೆಟ್ ಬೌಲರ್ ಹುಟ್ಟಿದುದೂ ಆ ಊರಿನಲ್ಲಿಯೇ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪಾಲವಣಕರ ಬಾಳೂ ಅವರು 1876ರಲ್ಲಿ ಅಲ್ಲಿ ಜನಿಸಿದರು. ಅವರ ಮನೆತನದ ಮೂಲ ಕೊಂಕಣ ತೀರ. ತಂದೆ ಬ್ರಿಟಿಷ್ ಸೇನೆಯಲ್ಲಿ ಸಿಪಾಯಿ. ಕುಟುಂಬವು ಚರ್ಮಕಾರ ಸಮುದಾಯಕ್ಕೆ ಸೇರಿದುದು. ಅಂದಿನ ಸಮಾಜ ಆ ಸಮುದಾಯವನ್ನು ಅಸ್ಪೃಶ್ಯವೆಂದು ದೂರವಿರಿಸಿತ್ತು.

ಮುಂದೆ ಕುಟುಂಬವು ಪುಣೆಯಲ್ಲಿ ನೆಲಸಿತು. ಸೇನಾಧಿಕಾರಿಗಳು ಬಳಸಿ ಬಿಸುಟ ದಾಂಡು ಚೆಂಡುಗಳೇ ಬಾಳೂ ಮತ್ತು ಅವರ ತಮ್ಮಂದಿರ ಆಟದ ಸಾಮಗ್ರಿಗಳಾದವು. ಬಡತನದ ಕಾರಣ ಬಾಳೂ ಬೇಗನೆ ದುಡಿಮೆಗೆ ಇಳಿಯಬೇಕಾಯಿತು. ಪಾರಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ನೆಲ ಗುಡಿಸುವ, ಅಂಕಣದ ಮೇಲೆ ಉರುಳುಗಲ್ಲು ಎಳೆಯುವ ಕೆಲಸ ದೊರೆಯಿತು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪುಣೆ ಕ್ಲಬ್ಬನ್ನು ಸೇರಿದರು. ಸಂಬಳ 4 ರೂಪಾಯಿಗೆ ಏರಿತು.

ಆ ಕ್ಲಬ್ಬಿನಲ್ಲಿ ಆಂಗ್ಲ ಆಟಗಾರರು ಅಭ್ಯಾಸ ಮಾಡುವಾಗ ಚೆಂಡೆಸೆಯಲು ಒಬ್ಬರು ಬೇಕಾಗಿದ್ದರು. ಬಾಳೂ ಎಡಗೈಯಿಂದ ನಿಧಾನವಾಗಿ ಚೆಂಡನ್ನು ತಿರುಗಿಸಿ ಎಸೆಯತೊಡಗಿದರು. ಪ್ರಸಿದ್ಧ ದಾಂಡಿಗ ಗ್ರೇಗ್ ಗಂಟೆಗಟ್ಟಲೆ ಅವರ ಚೆಂಡುಗಳನ್ನು ಎದುರಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಪ್ರತೀತಿಯೂ ಇದೆ. ಆದರೆ ದಾಂಡು ಹಿಡಿದು ಆಡುವ ಅವಕಾಶವನ್ನು ಮಾತ್ರ ಆ ಕ್ಲಬ್ಬಿನಲ್ಲಿ ಯಾರೂ ಅವರಿಗೆ ನೀಡಲಿಲ್ಲ. ಚೆಂಡೆಸೆಯುವುದು ಆಳಿನ ಕೆಲಸ, ದಾಂಡು ಬೀಸುವುದು ದೊರೆಗಳ ಕೆಲಸ ಎಂಬ ಭಾವನೆ ಆಗ ಬೇರೂರಿತ್ತು.

ಪುಣೆಯ ಹಿಂದೂ ತಂಡದವರಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲವಿತ್ತು. ಬಾಳೂ ಇಲ್ಲದೆ ಅದು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಗಿತ್ತು. ಬಹಳ ಚರ್ಚೆಯ ಬಳಿಕ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟುತ್ತಿದ್ದ ಚೆಂಡನ್ನೇ ಅವರೂ ಮುಟ್ಟಿದರು. ಆಟದ ನಡುವಣ ವಿರಾಮದಲ್ಲಿ ಉಳಿದವರು ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಚಹ ಕುಡಿದರೆ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಊಟದ ಎಲೆಯೂ ಬೇರೆ. ಸತಾರಾದ ಯುರೋಪಿಯನ್ ತಂಡವನ್ನು ಅವರು ತಮ್ಮ ಎಸೆತಗಳಿಂದ ಮಣಿಸಿದ ಮೇಲೆ ಕೆಲವರ ಮನಸ್ಸು ಕರಗಿತು. ಬಾಳೂ ಅವರೊಡನೆ ಆಡುವವರು ಅವರೊಡನೆ ಉಣ್ಣಲೂ ಸಿದ್ಧರಿರಬೇಕೆಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ತಿಳಿಯಹೇಳಿದರು.

ಅನಂತರ ಬಾಳೂ ಮುಂಬಯಿಗೆ ಹೋಗಿ ರೈಲ್ವೆ ತಂಡಕ್ಕೂ ಹಿಂದೂ ಜಿಮಖಾನಾಕ್ಕೂ ಆಡಿದರು. ಮತಗಳ ಹೆಸರಿನಲ್ಲಿ ತಂಡಗಳನ್ನು ಕಟ್ಟುತ್ತಿದ್ದ ಕಾಲವದು. ಇಂದಿಗೆ ಅದು ವಿಚಿತ್ರವಾಗಿ ತೋರಬಹುದು. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ ಎರಡು ಸರದಿಗಳಲ್ಲಿ 8 ವಿಕೆಟ್ ಪಡೆದರು. ಸ್ವದೇಶಿ ಚಳವಳಿಯ ದಿನಗಳಾದುದರಿಂದ ಆ ಗೆಲುವು ಆಟದ ಗೆಲುವಾಗಿ ಮಾತ್ರ ಉಳಿಯಲಿಲ್ಲ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತೀಯ ತಂಡವೊಂದು ಇಂಗ್ಲೆಂಡಿಗೆ ತೆರಳಿತು. ತಂಡ ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಬಾಳೂ ಅವರಿಗೆ ಆಗ ಮೂವತ್ತೈದು ವರ್ಷ. ಆದರೂ ಆ ಪ್ರವಾಸದಲ್ಲಿ ಅವರು ಕಿತ್ತ ವಿಕೆಟ್‌ಗಳು 114. ಒಂದೊಂದಕ್ಕೂ ಕೊಟ್ಟ ರನ್ನು ಸರಾಸರಿ 19ಕ್ಕಿಂತ ಕಡಿಮೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಸರದಿಯಲ್ಲಿ 8 ಮಂದಿ ಅವರಿಗೆ ಬಲಿಯಾದರು. ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನಾಡಿದುದು 1932ರಲ್ಲಿ. ಅವರ ಆಟದ ದಿನಗಳು ಅದಕ್ಕೆ ಬಹಳ ಮೊದಲೇ ಮುಗಿದಿದ್ದವು.

ಇಷ್ಟೆಲ್ಲ ಸಾಧಿಸಿದವರಿಗೆ ಹಿಂದೂ ತಂಡದ ನಾಯಕತ್ವ ದೊರೆಯಬೇಕಾದುದು ನ್ಯಾಯ. ವರ್ಷ ವರ್ಷವೂ ಅವರ ಅಭಿಮಾನಿಗಳು ಅದನ್ನು ಕೇಳಿದರು. ವರ್ಷ ವರ್ಷವೂ ಅದು ಮೇಲ್ಜಾತಿಯ ಬೇರೊಬ್ಬರ ಪಾಲಾಯಿತು. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ, ನಾಯಕತ್ವದಲ್ಲಿ ಜಾತಿಯನ್ನು ಎಣಿಸುವುದನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡಲು ಒಪ್ಪಲಿಲ್ಲ. ಸಾರ್ವಜನಿಕರು ಸಹೋದರರ ಬೆಂಬಲಕ್ಕೆ ನಿಂತರು. ಮೂವರೂ ಮರಳಿ ಬಂದರು; ಬಾಳೂ ಉಪನಾಯಕರಾದರು. ನಾಯಕ ಪೈ ಅವರು ಮೈದಾನದಿಂದ ಹೊರಗಿದ್ದ ಸ್ವಲ್ಪ ಹೊತ್ತು ತಂಡವನ್ನು ನಡೆಸುವ ಅವಕಾಶವೂ ಅವರಿಗೆ ಸಿಕ್ಕಿತು. ನಾಯಕಪಟ್ಟದಲ್ಲಿ ಅವರಿಗೆ ದಕ್ಕಿದ್ದು ಅಷ್ಟೆ. 1923ರಲ್ಲಿ ವಿಠ್ಠಲರು ನಾಯಕರಾದರು. ಆ ವರ್ಷ ಯುರೋಪಿಯನ್ನರನ್ನು ಗೆದ್ದ ಬಳಿಕ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಲಾಯಿತು.

ಆಟ ಬಿಟ್ಟ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. ಡಾ. ಅಂಬೇಡ್ಕರರು ಅವರ ಸಾಧನೆಯನ್ನು ಬಹುವಾಗಿ ಮೆಚ್ಚಿದ್ದವರು. 1932ರ ಪುಣೆ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. ಆದರೆ ದಲಿತರ ಹಿತ ಯಾವ ದಾರಿಯಲ್ಲಿದೆ ಎಂಬ ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿತ್ತು. 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನ ಪರವಾಗಿ ಅಂಬೇಡ್ಕರರ ಎದುರು ಸ್ಪರ್ಧಿಸಿ, ಸುಮಾರು ಎರಡು ಸಾವಿರ ಮತಗಳ ಅಂತರದಿಂದ ಸೋತರು.

1955ರ ಜುಲೈ 4ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್‌ಗಳು ಅವರ ಹೆಸರಿನಲ್ಲಿವೆ.